ಹೊಸದು ಯಾವುದು, ಬದಲಾದದ್ದು ಯಾವುದು? ತಂತ್ರಾಂಶ ಬಿಲ್ಡ್‌ನ ಅರ್ಧ ಶತಮಾನ

ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಆಳದ ಕಣಿವೆಗೆ ಎರಡು ಹಂತಗಳಲ್ಲಿ ಧುಮುಕುತ್ತದೆ. ಧಾರವಾಡ, ಕಲಘಟಗಿಗಳ ಕಡೆ ಜೋರು ಮಳೆಯಾದರೆ ಮಾಗೋಡಿನ ನೀರು ಕೆಂಪಾಗುತ್ತದೆ. ಅಂಕೋಲೆಯಲ್ಲಿ ಎಷ್ಟೇ ಮಳೆ ಹೊಯ್ದರೂ, ಇದೇ ನದಿ ಅಲ್ಲಿ ಗಂಗಾವಳಿ ಎಂಬ ಹೆಸರಿನಲ್ಲಿ ಹರಿಯುತ್ತಿದ್ದರೂ, ಮಾಗೋಡಿನ ನೀರಿಗೆ ಏನೂ ಆಗದು. ನದಿಯಲ್ಲಿ ಪರಿಣಾಮ ಒಂದೇ ದಿಕ್ಕಿಗೆ ಸಾಗುತ್ತದೆ. ಹೀಗಾಗಿ ಯಾವುದೋ ಒಂದು ಹಳ್ಳದ ನೀರು ಕೆಟ್ಟಿದೆ ಎಂದು ತಿಳಿದರೆ ಇಡೀ ಜಿಲ್ಲೆಯ ನೀರನ್ನು ಪರೀಕ್ಷಿಸಬೇಕಾಗಿಲ್ಲ. ಆ ಹಳ್ಳದಿಂದ ಕೆಳಗಿನದನ್ನು ಮಾತ್ರ ನೋಡಿದರೆ ಸಾಕು. ಆದರೆ ಇದಕ್ಕೆ ಎರಡು ಸಂಗತಿಗಳು ಖಚಿತವಾಗಿ ಗೊತ್ತಿರಬೇಕು. ಒಂದು, ಎಲ್ಲಿ ಬದಲಾವಣೆ ಆಯಿತು ಎಂಬುದು. ಇನ್ನೊಂದು, ಎಲ್ಲ ಹಳ್ಳಕೊಳ್ಳಗಳನ್ನೂ ತೋರಿಸುವ ನಕ್ಷೆ. ನಕ್ಷೆಯಲ್ಲಿ ಇಲ್ಲದ ಒಂದು ತೊರೆ ಎಲ್ಲೋ ಬಂದು ಸೇರುತ್ತಿದ್ದರೆ ನಮ್ಮ ಲೆಕ್ಕ ತಪ್ಪುತ್ತದೆ.

ದೊಡ್ಡ ತಂತ್ರಾಂಶಗಳನ್ನು ಕಟ್ಟುವಾಗಲೂ ಇದೇ ಎರಡು ಪ್ರಶ್ನೆಗಳು ಎದುರಾಗುತ್ತವೆ. ಕಳೆದ ಐವತ್ತು ವರ್ಷಗಳಲ್ಲಿ ತಂತ್ರಾಂಶಜ್ಞರು ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಹೇಗೆ ಬದಲಾದವು ಎಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೂ ರುಚಿಸುವ ಕಥೆ. ಏಕೆಂದರೆ ಅದರ ನಡುವೆ ಕಾಲವನ್ನು ಕುರಿತ ಒಂದು ಹಳೆಯ ತೊಡಕು ಅಡಗಿದೆ.

ಕಡತಗಳ ಹೊಳೆ

ಸಿ ಭಾಷೆಯಲ್ಲಿ ಒಂದು ಪುಟದ ಕ್ರಮವಿಧಿಯನ್ನು ಬರೆದವರಿಗೆ ಈ ಸಮಸ್ಯೆ ಕಾಣುವುದಿಲ್ಲ. ಒಂದು ಮೂಲ ಕಡತ, ಅದನ್ನು ಕಂಪೈಲರ್‌ಗೆ ಕೊಟ್ಟರೆ ಓಡಿಸಬಲ್ಲ ಕ್ರಮವಿಧಿ ಸಿದ್ಧ. ಕ್ರಮವಿಧಿ ಬೆಳೆದಂತೆ ಅದನ್ನು ಹಲವು ಕಡತಗಳಾಗಿ ಒಡೆಯಬೇಕಾಗುತ್ತದೆ. ಆಗ ಪ್ರತಿ ಮೂಲ ಕಡತವನ್ನೂ ಬೇರೆಬೇರೆಯಾಗಿ ಕಂಪೈಲ್ ಮಾಡಿ ಆಬ್ಜೆಕ್ಟ್ ಕಡತಗಳನ್ನು ಪಡೆಯುತ್ತೇವೆ. ಕೊನೆಗೆ ಲಿಂಕರ್ ಅವೆಲ್ಲವನ್ನೂ ಜೋಡಿಸುತ್ತದೆ. ಹಲವು ಮೂಲ ಕಡತಗಳಿಗೆ ಸಮಾನವಾಗಿ ಬೇಕಾದ ನಿಯತಾಂಕಗಳು, ಘೋಷಣೆಗಳು ಹೆಡರ್ ಕಡತಗಳಲ್ಲಿ ಇರುತ್ತವೆ. ಈ ಇಡೀ ಕೆಲಸಕ್ಕೆ ಬಿಲ್ಡ್ ಎಂದು ಹೆಸರು.

ಮೂವತ್ತು ಕಡತಗಳಲ್ಲಿ ಒಂದನ್ನು ತಿದ್ದಿದಾಗ ಉಳಿದ ಇಪ್ಪತ್ತೊಂಬತ್ತನ್ನು ಮತ್ತೆ ಕಂಪೈಲ್ ಮಾಡುವುದು ವ್ಯರ್ಥ. ಇಂದಿನ ದೊಡ್ಡ ತಂತ್ರಾಂಶಗಳಲ್ಲಿ ಮೂಲ ಕಡತಗಳು ಸಾವಿರಗಟ್ಟಲೆ. ಗೂಗಲ್‌ನ ಕ್ರೋಮ್ ಬ್ರೌಸರಿನ ತಳಹದಿಯಾದ ಕ್ರೋಮಿಯಂ ಹತ್ತು ವರ್ಷಗಳ ಹಿಂದೆಯೇ ಸುಮಾರು 30,000 ಮೂಲ ಕಡತಗಳನ್ನು ಹೊಂದಿತ್ತು. ಅದನ್ನು ಮೊದಲಿನಿಂದ ಕಟ್ಟಲು ಸಾಮಾನ್ಯ ಕಂಪ್ಯೂಟರಿಗೆ ಗಂಟೆಗಳೇ ಬೇಕು. ಆದ್ದರಿಂದ ಬದಲಾದದ್ದನ್ನೂ ಅದನ್ನು ಅವಲಂಬಿಸಿದ್ದನ್ನೂ ಮಾತ್ರ ಮತ್ತೆ ಕಟ್ಟುತ್ತಾರೆ. ಹೀಗೆ ಬೇಕಾದಷ್ಟನ್ನೇ ಕಟ್ಟಿ ಪಡೆದ ಕ್ರಮವಿಧಿಯೂ ಮೊದಲಿನಿಂದ ಕಟ್ಟಿ ಪಡೆದ ಕ್ರಮವಿಧಿಯೂ ಒಂದೇ ಆಗಿರಬೇಕು. ಅವು ಬೇರೆಬೇರೆಯಾದಾಗ ಏನಾಗುತ್ತದೆ?

ಒಂದು ಉದಾಹರಣೆ ನೋಡೋಣ. ಸರಳ ಲೋಲಕದ ಚಲನೆಯನ್ನು ಲೆಕ್ಕಹಾಕುವ ಕ್ರಮವಿಧಿಯೊಂದಿದೆ ಎನ್ನಿ. ಒಂದು ಕಡತ ಲೋಲಕದ ಸ್ಥಾನವನ್ನು ಹಂತಹಂತವಾಗಿ ಲೆಕ್ಕಹಾಕುತ್ತದೆ. ಇನ್ನೊಂದು ಕಡತ ಹಂತಗಳನ್ನು ಎಣಿಸಿ ಆವರ್ತಕಾಲವನ್ನು ಅಳೆದು ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುತ್ತದೆ. ಒಂದು ಹಂತಕ್ಕೆ ಎಷ್ಟು ಕಾಲ ಎಂಬ ಸಂಖ್ಯೆ ಹೆಡರ್ ಕಡತದಲ್ಲಿದೆ: 0.0098 ಸೆಕೆಂಡ್. ವಿದ್ಯಾರ್ಥಿನಿಯೊಬ್ಬಳು ಇದು ಮೊದಲು 0.0100 ಇದ್ದುದನ್ನು ಈಗಷ್ಟೇ ತಿದ್ದಿದ್ದಾಳೆ. ಮೊದಲ ಕಡತ ಮತ್ತೆ ಕಂಪೈಲ್ ಆಯಿತು, ಎರಡನೆಯದು ಆಗಲಿಲ್ಲ. ಆಗ ಎರಡನೆಯ ಭಾಗ ಹಳೆಯ ಸಂಖ್ಯೆಯನ್ನೇ ನಂಬಿ ಆವರ್ತಕಾಲವನ್ನು ಶೇಕಡ 2ರಷ್ಟು ಹೆಚ್ಚಾಗಿ ತೋರಿಸುತ್ತದೆ. ಗುರುತ್ವ ವೇಗೋತ್ಕರ್ಷ ಆವರ್ತಕಾಲದ ವರ್ಗಕ್ಕೆ ವಿಲೋಮವಾಗಿರುವುದರಿಂದ 9.8ರ ಬದಲು ಸುಮಾರು 9.4 ಎಂಬ ಉತ್ತರ ಬರುತ್ತದೆ.

ಉತ್ತರ 980 ಎಂದು ಬಂದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. 9.4 ಅಷ್ಟು ಅಸಂಭವ ಎನಿಸುವುದಿಲ್ಲ. ಲೋಲಕದ ಪಾರ ಹೆಚ್ಚಾದಾಗ ಆವರ್ತಕಾಲ ಹೆಚ್ಚುತ್ತದೆ ಎಂಬುದು ಪಠ್ಯದಲ್ಲೇ ಇದೆ. ಸುಮಾರು 33 ಡಿಗ್ರಿ ಪಾರಕ್ಕೆ ಈ ಹೆಚ್ಚಳ ಸರಿಯಾಗಿ ಶೇಕಡ 2. ವಿದ್ಯಾರ್ಥಿನಿ ಅದನ್ನೇ ಕಾರಣವೆಂದು ಬರೆದು ವರದಿ ಒಪ್ಪಿಸಬಹುದು, ಅಧ್ಯಾಪಕರು ಮೆಚ್ಚಿ ಅಂಕ ಕೊಡಲೂಬಹುದು! ಮೂಲ ಕಡತಗಳನ್ನು ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ಅವುಗಳಲ್ಲಿ ತಪ್ಪೇ ಇಲ್ಲ. ಓಡುತ್ತಿರುವುದು ಆ ಕಡತಗಳಿಂದ ಹುಟ್ಟಿದ ಕ್ರಮವಿಧಿಯಲ್ಲ.

ಒಂದು ವಾರಾಂತ್ಯದ ಕೆಲಸ

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆದದ್ದೂ ಇದೇ. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ರೂಪುಗೊಳ್ಳುತ್ತಿದ್ದ ದಿನಗಳವು. ಯಾಕ್ ಎಂಬ ಪ್ರಸಿದ್ಧ ಸಾಧನವನ್ನು ರಚಿಸಿದ ಸ್ಟೀವ್ ಜಾನ್ಸನ್, ಸರಿಯಾಗಿಯೇ ಇದ್ದ ಕ್ರಮವಿಧಿಯಲ್ಲಿ ಇಲ್ಲದ ದೋಷವನ್ನು ಹುಡುಕುತ್ತ ಒಂದು ಬೆಳಗನ್ನೇ ಕಳೆದರು. ದೋಷವನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಸಿಟ್ಟಿನಿಂದ ಅವರು ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೊಠಡಿಗೆ ನುಗ್ಗಿದರು. ಫೆಲ್ಡ್‌ಮನ್ ಹಿಂದಿನ ಸಂಜೆಯಷ್ಟೇ ಅದೇ ಪಾಡು ಪಟ್ಟಿದ್ದರು. ಅವಲಂಬನೆಗಳನ್ನೆಲ್ಲ ತಾನೇ ಪತ್ತೆಮಾಡುವ ದೊಡ್ಡದೊಂದು ಸಾಧನದ ಆಲೋಚನೆ ಮೊದಲು ಬಂತು. ಅದು ಇಳಿದು ಇಳಿದು ಬಹಳ ಸರಳವಾಗಿ, ಆ ವಾರಾಂತ್ಯದೊಳಗೆ 'ಮೇಕ್' ಎಂಬ ಕ್ರಮವಿಧಿಯಾಯಿತು. ನಮ್ಮ ವಿಷಯದ ಅಧ್ಯಾಪಕರಿಗೆ ಖುಷಿ ಕೊಡುವ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಫೆಲ್ಡ್‌ಮನ್ ಪ್ರಿನ್ಸ್‌ಟನ್‌ನಲ್ಲಿ ಓದಿದ್ದು ಖಗೋಳ ಭೌತವಿಜ್ಞಾನ. ಮೇಕ್‌ಗಾಗಿ ಅವರಿಗೆ ಅಮೆರಿಕದ ಗಣಕ ವಿಜ್ಞಾನಿಗಳ ಸಂಘವಾದ ಎಸಿಎಂನ 2003ರ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ದೊರೆಯಿತು.

ಮೇಕ್‌ನ ನಿಯಮವನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಬರೆಯುವವನು 'ಮೇಕ್‌ಫೈಲ್' ಎಂಬ ಕಡತದಲ್ಲಿ ನಮೂದಿಸಬೇಕು. ಮೂಲವು ಅದರಿಂದ ಹುಟ್ಟಿದ ಕಡತಕ್ಕಿಂತ ಹೊಸದಾಗಿದ್ದರೆ ಮೇಕ್ ಆ ಕಡತವನ್ನು ಮತ್ತೆ ಹುಟ್ಟಿಸುತ್ತದೆ. ಇದರ ಚೆಲುವು ಇರುವುದು ಮೇಕ್ ತನ್ನದೆಂದು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದರಲ್ಲಿ. ಪ್ರತಿ ಕಡತವನ್ನು ಕೊನೆಯ ಬಾರಿ ಬರೆದ ಸಮಯವನ್ನು ಕಾರ್ಯಾಚರಣ ವ್ಯವಸ್ಥೆ ಹೇಗೂ ದಾಖಲಿಸುತ್ತಿತ್ತು. ಮೇಕ್ ಎರಡು ಸಮಯಗಳನ್ನು ಹೋಲಿಸುತ್ತದೆ, ಮುಗಿಯಿತು. ಸ್ಮೃತಿಯೂ ಡಿಸ್ಕೂ ದುಬಾರಿಯಾಗಿದ್ದ ಕಾಲಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇರಲಿಲ್ಲ.

ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು, ಖಾಲಿ ಜಾಗ ಬಿಟ್ಟರೆ ನಡೆಯದು. ಪ್ರತಿ ಹೊಸ ವಿದ್ಯಾರ್ಥಿಯೂ ಒಮ್ಮೆಯಾದರೂ ಇದಕ್ಕೆ ಎಡವುತ್ತಾನೆ. ಇದು ಸರಿಯಲ್ಲವೆಂದು ಫೆಲ್ಡ್‌ಮನ್‌ಗೆ ಕೆಲವೇ ವಾರಗಳಲ್ಲಿ ಅನಿಸಿತ್ತು. ಅಷ್ಟರಲ್ಲಿ ಮೇಕ್ ಬಳಸುವವರು ಹನ್ನೆರಡು ಮಂದಿ ಆಗಿದ್ದರು, ಹೆಚ್ಚಿನವರು ಗೆಳೆಯರು. ಅವರಿಗೆ ತೊಂದರೆ ಆಗದಿರಲೆಂದು ಹಾಗೇ ಬಿಟ್ಟರು. ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯ ಇಂದಿಗೂ ಲಕ್ಷಾಂತರ ಮಂದಿಯನ್ನು ಕಾಡುತ್ತಿದೆ.

ಗಡಿಯಾರದ ತೊಡಕು

ನಮಗೆ ಬೇಕಾದ ಪ್ರಶ್ನೆ 'ಇದು ಬದಲಾಗಿದೆಯೇ?' ಎಂಬುದು. ಮೇಕ್ ಕೇಳುವ ಪ್ರಶ್ನೆ 'ಇದು ಅದಕ್ಕಿಂತ ಹೊಸದೇ?' ಎಂಬುದು. ಬಹಳಷ್ಟು ಸಲ ಎರಡಕ್ಕೂ ಉತ್ತರ ಒಂದೇ. ಮುಂದಿನ ದಶಕಗಳ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಉತ್ತರಗಳು ಬೇರೆಯಾಗುವ ಸಂದರ್ಭಗಳಿಂದ ಎಂದು ನನ್ನ ಅಭಿಪ್ರಾಯ.

ಮೊದಲನೆಯ ಸಂದರ್ಭವನ್ನು ಮೇಕ್‌ನ ಹುಟ್ಟಿನ ದಿನವೇ ಊಹಿಸಬಹುದಾಗಿತ್ತು. ಕಂಪೈಲರ್ 10 ಗಂಟೆ 15 ನಿಮಿಷಕ್ಕೆ ಮೂಲ ಕಡತವನ್ನು ಓದಿತು ಎನ್ನಿ. ಅದು ಕೆಲಸ ಮಾಡುತ್ತಿರುವಾಗಲೇ, ಐದು ಸೆಕೆಂಡುಗಳ ನಂತರ, ನೀವು ಮೂಲವನ್ನು ಮತ್ತೆ ತಿದ್ದಿ ಉಳಿಸಿದಿರಿ. ಇಪ್ಪತ್ತನೆಯ ಸೆಕೆಂಡಿಗೆ ಆಬ್ಜೆಕ್ಟ್ ಕಡತ ಸಿದ್ಧವಾಯಿತು. ಈಗ ಆಬ್ಜೆಕ್ಟ್ ಕಡತ ಮೂಲಕ್ಕಿಂತ ಹೊಸದು, ಆದರೆ ಅದರೊಳಗೆ ಇರುವುದು ಹಳೆಯ ಮೂಲ. ಮೇಕ್‌ನ ಪಾಲಿಗೆ ಎಲ್ಲವೂ ಸರಿ.

ಎರಡನೆಯದು ಅಳತೆಯ ಸೂಕ್ಷ್ಮತೆ. ಯುನಿಕ್ಸ್ ಬಹುಕಾಲ ಕಡತಗಳ ಸಮಯವನ್ನು ಪೂರ್ಣ ಸೆಕೆಂಡುಗಳಲ್ಲಿ ದಾಖಲಿಸುತ್ತಿತ್ತು. ಪೆನ್‌ಡ್ರೈವ್‌ಗಳಲ್ಲಿ ಈಗಲೂ ಕಾಣುವ ಫ್ಯಾಟ್ ಕಡತ ವ್ಯವಸ್ಥೆಯ ಸೂಕ್ಷ್ಮತೆ 2 ಸೆಕೆಂಡ್. ಒಂದೇ ಸೆಕೆಂಡಿನೊಳಗೆ ಕಂಪೈಲ್ ಮುಗಿದು, ಅದೇ ಸೆಕೆಂಡಿನೊಳಗೆ ಮೂಲ ಮತ್ತೆ ಬದಲಾದರೆ ಎರಡಕ್ಕೂ ಒಂದೇ ಸಮಯದ ಮುದ್ರೆ ಬೀಳುತ್ತದೆ. ಸಮಯಗಳು ಸಮವಾದಾಗ ಮೇಕ್ ಸುಮ್ಮನಿರುತ್ತದೆ. 1976ರ ಯಂತ್ರಗಳು ಇಷ್ಟು ವೇಗವಾಗಿರಲಿಲ್ಲವಾದ್ದರಿಂದ ಇದು ಯಾರಿಗೂ ತಟ್ಟಲಿಲ್ಲ. ಯಂತ್ರಗಳು ಸಾವಿರಪಟ್ಟು ವೇಗವಾದವು, ಕಡತಗಳನ್ನು ಮನುಷ್ಯರ ಬದಲು ಕ್ರಮವಿಧಿಗಳೇ ಬರೆಯತೊಡಗಿದವು. ಆಗ ಒಂದು ಸೆಕೆಂಡ್ ಎಂಬುದು ಬಹು ದೊಡ್ಡ ಅವಧಿಯಾಯಿತು. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆ 2008ರಲ್ಲಿ ಬಳಕೆಗೆ ಬಂದಾಗ ನ್ಯಾನೋಸೆಕೆಂಡಿನವರೆಗೆ ಅಂಕೆಗಳನ್ನು ಬರೆಯಲು ಸ್ಥಳವಿತ್ತು. ಆದರೆ ಅಂಕೆಗಳಿಗೆ ಸ್ಥಳವಿದ್ದ ಮಾತ್ರಕ್ಕೆ ಅಳತೆ ಸೂಕ್ಷ್ಮವಾಗುವುದಿಲ್ಲ ಎಂಬುದನ್ನು ಪ್ರಯೋಗಶಾಲೆಯಲ್ಲಿ ನಾವು ದಿನವೂ ಹೇಳುತ್ತೇವೆ. ಲಿನಕ್ಸ್ ಆ ಸಮಯವನ್ನು ತೆಗೆದುಕೊಳ್ಳುತ್ತಿದ್ದುದು ತನ್ನ ಆಂತರಿಕ ಬಡಿತದಿಂದ, ಮತ್ತು ಅದು ಸಾಮಾನ್ಯವಾಗಿ 4 ಮಿಲಿಸೆಕೆಂಡಿಗೆ ಒಮ್ಮೆ.

ಮೂರನೆಯದು ಹಲವು ಗಡಿಯಾರಗಳ ಸಮಸ್ಯೆ. 1980ರ ದಶಕದಲ್ಲಿ ಕಂಪ್ಯೂಟರುಗಳು ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳತೊಡಗಿದವು. ಒಂದು ಯಂತ್ರ ತನ್ನ ಗಡಿಯಾರ ನೋಡಿ ಮುದ್ರೆ ಒತ್ತುತ್ತದೆ, ಇನ್ನೊಂದು ತನ್ನದನ್ನು. ಎರಡಕ್ಕೂ ಅರ್ಧ ನಿಮಿಷದ ವ್ಯತ್ಯಾಸವಿದ್ದರೆ ಮೊದಲು ಹುಟ್ಟಿದ ಕಡತ ಆಮೇಲೆ ಹುಟ್ಟಿದಂತೆ ಕಾಣುತ್ತದೆ.

ಇದಕ್ಕೆ ಜಾಲವೇ ಬೇಕೆಂದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಹಲವು ಬಾರಿ ವಿದ್ಯುತ್ ಹೋಗುವುದು ಎಲ್ಲರಿಗೂ ಗೊತ್ತು. ಹಳೆಯ ಕಂಪ್ಯೂಟರಿನೊಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ, ಪ್ರತಿ ಸಲ ವಿದ್ಯುತ್ ಬಂದಾಗಲೂ ಅದರ ಗಡಿಯಾರ ಯಾವುದೋ ಹಿಂದಿನ ವರ್ಷದ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಈಗ ತಿದ್ದಿದ ಮೂಲ ಕಡತಕ್ಕೆ ಆ ಹಳೆಯ ದಿನಾಂಕ ಬೀಳುತ್ತದೆ. ಕಳೆದ ವಾರದ ಆಬ್ಜೆಕ್ಟ್ ಕಡತ ಅದಕ್ಕಿಂತ ಎಷ್ಟೋ ವರ್ಷ 'ಹೊಸದು'. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಗ್ನೂ ಮೇಕ್ ಇಂಥ ಸಂದರ್ಭದಲ್ಲಿ, ಕಡತದ ಸಮಯ ಭವಿಷ್ಯದಲ್ಲಿದೆ, ಬಿಲ್ಡ್ ಅಪೂರ್ಣವಾಗಿರಬಹುದು ಎಂದು ಎಚ್ಚರಿಸುತ್ತದೆ. ನೂರಾರು ಸಾಲುಗಳ ನಡುವೆ ಆ ಎಚ್ಚರಿಕೆ ಮೇಲೆ ಸರಿದುಹೋಗುತ್ತದೆ, ಯಾರೂ ಓದುವುದಿಲ್ಲ. ಪೆನ್‌ಡ್ರೈವ್‌ನದು ಇನ್ನೊಂದು ಕಥೆ. ಫ್ಯಾಟ್ ವ್ಯವಸ್ಥೆ ದಾಖಲಿಸುವುದು ಸ್ಥಳೀಯ ಕಾಲವನ್ನು, ಅದು ಯಾವ ಊರಿನ ಕಾಲ ಎಂಬುದನ್ನು ದಾಖಲಿಸುವುದಿಲ್ಲ. ಗ್ರೀನ್‌ವಿಚ್ ಕಾಲಕ್ಕೆ ಹೊಂದಿಸಿದ ಯಂತ್ರದಲ್ಲಿ ಉಳಿಸಿದ ಕಡತವನ್ನು ಭಾರತೀಯ ಕಾಲಮಾನದ ಯಂತ್ರಕ್ಕೆ ತಂದರೆ ಅದು ಐದೂವರೆ ಗಂಟೆ ಹಳೆಯದಾಗಿ ಕಾಣುತ್ತದೆ. ಆ ಐದೂವರೆ ಗಂಟೆಯೊಳಗೆ ಇಲ್ಲಿ ಹುಟ್ಟಿದ ಆಬ್ಜೆಕ್ಟ್ ಕಡತವಿದ್ದರೆ ಮೇಕ್ ಹೊಸ ಮೂಲವನ್ನು ಕಡೆಗಣಿಸುತ್ತದೆ.

ಮೇಕ್ ಹುಟ್ಟಿದ ಎರಡೇ ವರ್ಷಗಳಿಗೆ, 1978ರಲ್ಲಿ, ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಿತಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಹಲವು ಯಂತ್ರಗಳ ವ್ಯವಸ್ಥೆಯಲ್ಲಿ 'ಮೊದಲು' ಎಂಬ ಮಾತಿಗೆ ಗಡಿಯಾರದಿಂದ ಅರ್ಥ ಕೊಡಲಾಗದು, ಒಂದು ಘಟನೆಯ ಪ್ರಭಾವ ಇನ್ನೊಂದಕ್ಕೆ ತಲುಪಬಹುದಾಗಿದ್ದರೆ ಮಾತ್ರ ಮೊದಲನೆಯದನ್ನು 'ಮೊದಲು' ಎನ್ನಬಹುದು ಎಂಬುದು ಅದರ ಸಾರ. ಐನ್‌ಸ್ಟೈನರ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪರಿಚಯವಿದ್ದುದರಿಂದಲೇ ಇದು ಹೊಳೆಯಿತೆಂದು ಅವರು ಹೇಳಿದ್ದಾರೆ. ಅವರಿಗೆ 2013ರ ಟ್ಯೂರಿಂಗ್ ಪ್ರಶಸ್ತಿ ಬಂತು. ಮೇಕ್ ಕಾರ್ಯಕಾರಣದ ಪ್ರಶ್ನೆಯನ್ನು ಗಡಿಯಾರಕ್ಕೆ ಕೇಳುತ್ತದೆ. ಗಡಿಯಾರ ತನಗೆ ಗೊತ್ತಿದ್ದಷ್ಟು ಹೇಳುತ್ತದೆ.

ನಕ್ಷೆಯಲ್ಲಿ ಇಲ್ಲದ ತೊರೆ

ಗೊಂದಲಗಳ ಉಳಿದರ್ಧ ನಕ್ಷೆಗೆ ಸಂಬಂಧಿಸಿದ್ದು. ಅವಲಂಬನೆಗಳ ನಕ್ಷೆಯನ್ನು ಮೇಕ್‌ಫೈಲ್‌ನಲ್ಲಿ ಬರೆಯಬೇಕಾದವನು ಮನುಷ್ಯ, ಮನುಷ್ಯ ಮರೆಯುತ್ತಾನೆ. ನಮ್ಮ ಲೋಲಕದ ಕ್ರಮವಿಧಿಯಲ್ಲಿ ಆದದ್ದು ಇದೇ ಇರಬಹುದು: ಎರಡನೆಯ ಕಡತ ಹೆಡರ್‌ಅನ್ನು ಓದುತ್ತದೆ ಎಂದು ಯಾರೂ ಬರೆದಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಹಸಿ ಅಡಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಕೆ ಮಾಡುತ್ತಾರೆ. ಹಿಂದಿನ ಬೇಯಿಸುವಿಕೆಯಲ್ಲಿ ಉಳಿದ ಗಾಢ ನೀರನ್ನು, ಅಂದರೆ ಚೊಗರನ್ನು, ಚೆಲ್ಲದೆ ಮುಂದಿನ ಹಂಡೆಗೆ ಸೇರಿಸುತ್ತಾರೆ. ಎರಡು ಮನೆಗಳಲ್ಲಿ ಒಂದೇ ತೋಟದ ಅಡಕೆ, ಅಷ್ಟೇ ನೀರು, ಅಷ್ಟೇ ಉರಿ ಇದ್ದರೂ ಬಣ್ಣ ಬೇರೆಯಾಗಬಹುದು, ಏಕೆಂದರೆ ಚೊಗರು ಬೇರೆ. ಮಾಡುವ ವಿಧಾನವನ್ನು ಕಾಗದದ ಮೇಲೆ ಬರೆಯುವಾಗ ಚೊಗರನ್ನು ನಮೂದಿಸದಿದ್ದರೆ ಓದಿದವನಿಗೆ ವ್ಯತ್ಯಾಸದ ಕಾರಣ ತಿಳಿಯುವುದೇ ಇಲ್ಲ. ಬಿಲ್ಡ್‌ನಲ್ಲಿಯೂ ಇಂಥ ಚೊಗರು ಹಲವು. ಯಂತ್ರದಲ್ಲಿರುವ ಕಂಪೈಲರಿನ ಆವೃತ್ತಿ, ಕಂಪೈಲರಿಗೆ ಕೊಟ್ಟ ಆಯ್ಕೆಗಳು, ಹಿಂದಿನ ಬಿಲ್ಡ್ ಬಿಟ್ಟುಹೋದ ಕಡತಗಳು. ಆಯ್ಕೆಯನ್ನು ಬದಲಿಸಿದರೆ ಯಾವ ಮೂಲ ಕಡತದ ಸಮಯವೂ ಬದಲಾಗದು, ಮೇಕ್‌ಗೆ ಅದು ತಿಳಿಯದು. ಇನ್ನೂ ವಿಚಿತ್ರವಾದದ್ದು ಇಲ್ಲದ ಕಡತದ ಮೇಲಿನ ಅವಲಂಬನೆ. ಕಂಪೈಲರ್ ಒಂದು ಹೆಡರ್‌ಅನ್ನು ಮೊದಲು ಒಂದು ಕೋಶದಲ್ಲಿ ಹುಡುಕಿ, ಸಿಗದೆ, ಎರಡನೆಯ ಕೋಶದಿಂದ ಎತ್ತಿಕೊಂಡಿತು ಎನ್ನಿ. ನಾಳೆ ಯಾರಾದರೂ ಅದೇ ಹೆಸರಿನ ಕಡತವನ್ನು ಮೊದಲ ಕೋಶದಲ್ಲಿ ಇಟ್ಟರೆ ಫಲಿತಾಂಶ ಬದಲಾಗಬೇಕು. ಆದರೆ ಹಿಂದೆ ಓದಿದ ಯಾವ ಕಡತವೂ ಬದಲಾಗಿಲ್ಲ!

ಹೆಡರ್‌ಗಳ ಮಟ್ಟಿಗೆ ಪರಿಹಾರ ಬೇಗ ಬಂತು. ತಾನು ಓದಿದ ಹೆಡರ್‌ಗಳ ಪಟ್ಟಿಯನ್ನು ಕಂಪೈಲರೇ ಬರೆದುಕೊಡುವಂತೆ ಮಾಡಲಾಯಿತು. ಆದರೆ ತಂತ್ರಾಂಶ ದೊಡ್ಡದಾದಂತೆ ಪ್ರತಿ ಕೋಶಕ್ಕೆ ಒಂದು ಮೇಕ್‌ಫೈಲ್ ಬರೆದು, ಒಂದು ಮೇಕ್ ಇನ್ನೊಂದನ್ನು ಕರೆಯುವ ಪದ್ಧತಿ ಬೆಳೆಯಿತು. ಆಸ್ಟ್ರೇಲಿಯದ ಪೀಟರ್ ಮಿಲ್ಲರ್ 1998ರಲ್ಲಿ ಪ್ರಕಟವಾದ ಲೇಖನದಲ್ಲಿ ಇದರ ದೋಷವನ್ನು ಬಿಡಿಸಿಟ್ಟರು. ನಕ್ಷೆಯನ್ನು ತುಂಡು ಮಾಡಿದರೆ ಯಾವ ಮೇಕ್‌ಗೂ ಪೂರ್ಣ ನದಿ ಕಾಣುವುದಿಲ್ಲ, ಆದ್ದರಿಂದ ಒಮ್ಮೆ ಕಡಿಮೆ ಕಟ್ಟುತ್ತದೆ, ಒಮ್ಮೆ ಹೆಚ್ಚು. ದೋಷ ಮೇಕ್‌ನದಲ್ಲ, ನಕ್ಷೆಯನ್ನು ಹರಿದವರದು ಎಂಬುದು ಅವರ ವಾದ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಪತ್ತೆದಾರಿಕೆ

ಬಿಲ್ಡ್ ಅಸಂಗತವಾಗಿದೆ ಎಂಬ ಅನುಮಾನ ಬಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಎಲ್ಲ ಆಬ್ಜೆಕ್ಟ್ ಕಡತಗಳನ್ನೂ ಅಳಿಸಿ ಮೊದಲಿನಿಂದ ಕಟ್ಟುವುದು. ರೋಗ ಹೋಗುತ್ತದೆ, ಜೊತೆಗೆ ರೋಗದ ಸಾಕ್ಷ್ಯವೂ ಹೋಗುತ್ತದೆ. ಮುಂದಿನ ತಿಂಗಳು ಅದು ಮತ್ತೆ ಬರುತ್ತದೆ. ಅನುಭವಿಗಳು ಹಾಗೆ ಮಾಡುವುದಿಲ್ಲ. ಕೆಟ್ಟ ಬಿಲ್ಡ್‌ಅನ್ನು ಹಾಗೆಯೇ ಕಾಯ್ದಿಟ್ಟು, ಬೇರೆ ಕೋಶದಲ್ಲಿ ಅದೇ ಮೂಲಗಳಿಂದ ಹೊಸದಾಗಿ ಕಟ್ಟಿ, ಎರಡರ ಆಬ್ಜೆಕ್ಟ್ ಕಡತಗಳನ್ನು ಬಿಟ್‌ಬಿಟ್ ಹೋಲಿಸುತ್ತಾರೆ. ಮೊದಲು ಎಲ್ಲಿ ವ್ಯತ್ಯಾಸ ಸಿಗುತ್ತದೋ ಅಲ್ಲಿ ನಿಂತು, ಇದು ಏಕೆ ಮತ್ತೆ ಕಟ್ಟಲ್ಪಡಲಿಲ್ಲ ಎಂದು ಕೇಳುತ್ತಾರೆ. ಮೇಕ್‌ನ 'ಎನ್' ಆಯ್ಕೆ ಏನನ್ನೂ ಮಾಡದೆ, ಏನು ಮಾಡುತ್ತಿದ್ದೆ ಎಂದು ಮಾತ್ರ ಹೇಳುತ್ತದೆ. 'ಡಿ' ಆಯ್ಕೆ ಪ್ರತಿ ನಿರ್ಧಾರದ ಕಾರಣವನ್ನೂ ಹೇಳುತ್ತದೆ. ಕಂಪೈಲರ್ ನಿಜವಾಗಿ ತೆರೆದ ಕಡತಗಳನ್ನು ಲಿನಕ್ಸ್‌ನಲ್ಲಿ 'ಎಸ್‌ಟ್ರೇಸ್' ಎಂಬ ಸಾಧನದಿಂದ ಪಟ್ಟಿಮಾಡಿ ಮೇಕ್‌ಫೈಲ್‌ನ ಪಟ್ಟಿಯ ಪಕ್ಕದಲ್ಲಿಟ್ಟರೆ ಬಿಟ್ಟುಹೋದ ತೊರೆ ಸಿಗುತ್ತದೆ.

ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಬಿಲ್ಡ್‌ಗಳಲ್ಲಿ ಇನ್ನೊಂದು ಕಷ್ಟ. ನಮೂದಾಗದ ಅವಲಂಬನೆ ಇದ್ದರೂ, ಬರೆದ ಕ್ರಮದಲ್ಲೇ ಕೆಲಸ ನಡೆದರೆ ಅದೃಷ್ಟವಶಾತ್ ಎಲ್ಲ ಸರಿಯಾಗಬಹುದು. ಒಟ್ಟಿಗೆ ನಡೆಸಿದಾಗ ಹತ್ತರಲ್ಲಿ ಒಂಬತ್ತು ಸಲ ಸರಿ, ಒಮ್ಮೆ ತಪ್ಪು. 2022ರಲ್ಲಿ ಬಂದ ಗ್ನೂ ಮೇಕ್ 4.4ನೆಯ ಆವೃತ್ತಿ ಇದಕ್ಕೆ 'ಷಫಲ್' ಎಂಬ ಆಯ್ಕೆ ಕೊಟ್ಟಿತು. ಕೆಲಸಗಳ ಕ್ರಮವನ್ನು ಬೇಕೆಂದೇ ಕಲಸಿ ನಡೆಸಿದಾಗ, ಅದೃಷ್ಟದ ಮೇಲೆ ನಿಂತ ಬಿಲ್ಡ್‌ಗಳು ಕುಸಿಯುತ್ತವೆ. ಕಾರ್ಯಕಾರಣವನ್ನೂ ಕಾಕತಾಳೀಯವನ್ನೂ ಬೇರ್ಪಡಿಸಲು ಪ್ರಯೋಗವಿಜ್ಞಾನಿಗಳು ಬಳಸುವ ಯಾದೃಚ್ಛೀಕರಣವೇ ಇದು.

ಮರಳಿ ಮೂಲ ಪ್ರಶ್ನೆಗೆ

ಗಡಿಯಾರವನ್ನು ಬಿಟ್ಟು ಕಡತದ ಒಳಗಿರುವುದನ್ನೇ ನೋಡಿದರೆ ಹೇಗೆ? ಕಡತವನ್ನು ಒಂದು ಗಣಿತೀಯ ವಿಧಾನಕ್ಕೆ ಕೊಟ್ಟು, ಅದರ ಉದ್ದ ಎಷ್ಟೇ ಇರಲಿ, ನಿಗದಿತ ಗಾತ್ರದ ಒಂದು ಸಂಖ್ಯೆಯನ್ನು ಪಡೆಯಬಹುದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ, ಹೆಬ್ಬೆಟ್ಟಿನ ಗುರುತು ಇದ್ದಂತೆ. ಒಂದು ಅಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಎಂಡಿ5 ಎಂಬ ವಿಧಾನ 128 ಬಿಟ್‌ಗಳ ಸಂಖ್ಯೆ ಕೊಡುತ್ತದೆ. ನೂರು ಕೋಟಿ ಬೇರೆಬೇರೆ ಕಡತಗಳಿದ್ದರೂ ಅವುಗಳಲ್ಲಿ ಯಾವುದಾದರೂ ಎರಡಕ್ಕೆ ಆಕಸ್ಮಿಕವಾಗಿ ಒಂದೇ ಗುರುತು ಬರುವ ಸಂಭಾವ್ಯತೆ, 10ರ ಘಾತ 20ರಲ್ಲಿ ಒಂದಕ್ಕಿಂತಲೂ ಕಡಿಮೆ. ಲೆಕ್ಕ ಹಾಕಿ ನೋಡಬಹುದು. (ಬೇಕೆಂದೇ ಇಂಥ ಜೋಡಿಯನ್ನು ಹುಟ್ಟಿಸಬಹುದೆಂದು 2004ರಲ್ಲಿ ಚೀನಾದ ವಾಂಗ್ ಶಿಯಾವೊಯುನ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಎಂಡಿ5ರ ಬದಲು ಬೇರೆ ವಿಧಾನಗಳು ಬಂದವು.)

ಗಮನಿಸಬೇಕಾದ ಸಂಗತಿಯೆಂದರೆ, ಈ ಹಾದಿಯನ್ನು ಜನಪ್ರಿಯಗೊಳಿಸಿದ ಸಾಧನಗಳಲ್ಲಿ ಒಂದು ಹುಟ್ಟಿದ್ದು ವಿಜ್ಞಾನಿಗಳಿಗಾಗಿ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ನೆರವಿನಿಂದ 2000ದಲ್ಲಿ 'ಸಾಫ್ಟ್‌ವೇರ್ ಕಾರ್ಪೆಂಟ್ರಿ' ಎಂಬ ಯೋಜನೆ, ವಿಜ್ಞಾನಿಗಳಿಗೆ ಬೇಕಾದ ತಂತ್ರಾಂಶ ಸಾಧನಗಳ ವಿನ್ಯಾಸ ಸ್ಪರ್ಧೆ ನಡೆಸಿತು. ಬಿಲ್ಡ್ ವಿಭಾಗದಲ್ಲಿ ಗೆದ್ದ ಸ್ಟೀವನ್ ನೈಟ್ ಅವರ ವಿನ್ಯಾಸ 'ಎಸ್‌ಕಾನ್ಸ್' ಎಂಬ ಸಾಧನವಾಯಿತು. ಅದು ಸಮಯದ ಬದಲು ಎಂಡಿ5 ಗುರುತನ್ನು ನೋಡುತ್ತಿತ್ತು. 2002ರಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ 'ಸಿಕ್ಯಾಶ್' ಬರೆದರು. ಒಮ್ಮೆ ಕಂಪೈಲ್ ಮಾಡಿದ್ದರ ಫಲವನ್ನು ಅದು ಗುರುತುಸಂಖ್ಯೆಯ ಅಡಿಯಲ್ಲಿ ಕಾಯ್ದಿಡುತ್ತದೆ, ಅದೇ ಮೂಲ ಮತ್ತೆ ಬಂದರೆ ಕಂಪೈಲರನ್ನು ಎಬ್ಬಿಸದೆ ಹಳೆಯ ಫಲವನ್ನೇ ಕೊಡುತ್ತದೆ. ಕ್ರೋಮ್‌ಗಾಗಿ ಇವಾನ್ ಮಾರ್ಟಿನ್ ರಚಿಸಿದ 'ನಿಂಜಾ' ಸಮಯವನ್ನೇ ನೋಡಿದರೂ, ಪ್ರತಿ ಕಡತವನ್ನು ಯಾವ ಆಜ್ಞೆಯಿಂದ ಕಟ್ಟಲಾಯಿತು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ಗೂಗಲ್ 2015ರಲ್ಲಿ ಮುಕ್ತಗೊಳಿಸಿದ 'ಬೇಜಲ್' ಇನ್ನೂ ಮುಂದೆ ಹೋಗಿ, ನಮೂದಿಸದ ಕಡತಗಳು ಕಣ್ಣಿಗೇ ಬೀಳದಂತೆ ಕಂಪೈಲರನ್ನು ಒಂದು ಗೂಡಿನಲ್ಲಿಟ್ಟು ಓಡಿಸುತ್ತದೆ. ಚೊಗರನ್ನು ನಮೂದಿಸದಿದ್ದರೆ ಹಂಡೆಗೆ ಚೊಗರೇ ಇಲ್ಲ!

ಗುರುತುಸಂಖ್ಯೆಯಿಂದ ಇನ್ನೊಂದು ಲಾಭವಿದೆ. ಮೂಲದಲ್ಲಿ ಒಂದು ಟಿಪ್ಪಣಿಯನ್ನು ಮಾತ್ರ ತಿದ್ದಿದಾಗ ಅದು ಬದಲಾಗಿದೆ, ಕಂಪೈಲ್ ಮಾಡಲೇಬೇಕು. ಆದರೆ ಹುಟ್ಟಿದ ಆಬ್ಜೆಕ್ಟ್ ಕಡತ ಸಾಮಾನ್ಯವಾಗಿ ಹಿಂದಿನಂತೆಯೇ ಇರುತ್ತದೆ. ಅಲ್ಲಿಗೇ ನಿಲ್ಲಬಹುದು, ಕೆಳಗಿನ ಯಾವುದನ್ನೂ ಮುಟ್ಟಬೇಕಾಗಿಲ್ಲ. ಗಡಿಯಾರವನ್ನು ನಂಬುವ ಮೇಕ್ ಇಲ್ಲಿ ನಿಲ್ಲಲಾರದು.

ಇದೆಲ್ಲ ತಂತ್ರಾಂಶ ಬರೆಯುವವರ ಮನೆಯ ವಿಷಯ ಎಂದು ಶಿಕ್ಷಕರು ಭಾವಿಸಬಾರದು. ಅಂಕಪಟ್ಟಿ ಮಾಡಲು ನೀವು ಬಳಸುವ ಎಕ್ಸೆಲ್ ಕೂಡ ಒಂದು ಬಿಲ್ಡ್ ವ್ಯವಸ್ಥೆಯೇ. ಒಂದು ಚೌಕದ ಸಂಖ್ಯೆ ಬದಲಾದಾಗ ಅದನ್ನು ಅವಲಂಬಿಸಿದ ಚೌಕಗಳನ್ನು ಮಾತ್ರ ಅದು ಮತ್ತೆ ಲೆಕ್ಕಹಾಕುತ್ತದೆ. 1979ರಲ್ಲಿ ಬಂದ ಇಂಥ ತಂತ್ರಾಂಶ ವಿಸಿಕ್ಯಾಲ್ಕ್‌ಗೆ ಅವಲಂಬನೆಯ ಕ್ರಮ ತಿಳಿಯುತ್ತಿರಲಿಲ್ಲ. ಅದು ಸಾಲುಸಾಲಾಗಿ ಅಥವಾ ಕಂಬಕಂಬವಾಗಿ ಲೆಕ್ಕ ಮಾಡುತ್ತಿತ್ತು, ಆದ್ದರಿಂದ ಮುಂದಿನ ಚೌಕವನ್ನು ನೆಚ್ಚಿದ ಸೂತ್ರವಿದ್ದರೆ ಸರಿಯುತ್ತರಕ್ಕೆ ಎರಡು ಮೂರು ಸಲ ಲೆಕ್ಕ ಮಾಡಿಸಬೇಕಾಗುತ್ತಿತ್ತು. ಇಂದಿನ ಎಕ್ಸೆಲ್‌ನಲ್ಲಿ ಮೊತ್ತದ ಬಗ್ಗೆ ಅನುಮಾನ ಬಂದರೆ ಕಂಟ್ರೋಲ್, ಆಲ್ಟ್, ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿ, ಎಲ್ಲವನ್ನೂ ಮೊದಲಿನಿಂದ ಲೆಕ್ಕ ಮಾಡುತ್ತದೆ. 2018ರಲ್ಲಿ ಮೊಖೋವ್, ಮಿಚೆಲ್ ಮತ್ತು ಪೇಟನ್ ಜೋನ್ಸ್ ಎಂಬ ಮೂವರು, ಮೇಕ್, ಬೇಜಲ್, ಎಕ್ಸೆಲ್‌ಗಳನ್ನು ಒಂದೇ ಗಣಿತೀಯ ಚೌಕಟ್ಟಿನಲ್ಲಿಟ್ಟು ಹೋಲಿಸಿದರು. ಯಾವ ಕ್ರಮದಲ್ಲಿ ಕಟ್ಟುವುದು, ಕಟ್ಟಬೇಕೇ ಬೇಡವೇ ಎಂದು ಹೇಗೆ ನಿರ್ಧರಿಸುವುದು ಎಂಬ ಎರಡು ಆಯ್ಕೆಗಳಿಂದಲೇ ಇವೆಲ್ಲ ಬೇರೆಯಾಗುತ್ತವೆ ಎಂದು ತೋರಿಸಿದರು.

ಬಿಟ್‌ಬಿಟ್ ಹೋಲಿಕೆಗೆ ಈಗ ಇನ್ನೊಂದು ಮಹತ್ವ ಬಂದಿದೆ. ಒಂದೇ ಮೂಲದಿಂದ ಯಾರು, ಎಲ್ಲಿ, ಯಾವಾಗ ಕಟ್ಟಿದರೂ ಒಂದೇ ಫಲ ಬರಬೇಕೆಂಬ ಪ್ರಯತ್ನವನ್ನು ಡೆಬಿಯನ್ ಬಳಗ 2013ರಿಂದ ನಡೆಸುತ್ತಿದೆ. ಮೊದಲು ಎದುರಾದ ಅಡ್ಡಿ ಮತ್ತೆ ಗಡಿಯಾರವೇ, ಏಕೆಂದರೆ ಅನೇಕ ಕ್ರಮವಿಧಿಗಳು ತಾವು ಕಟ್ಟಲ್ಪಟ್ಟ ದಿನಾಂಕವನ್ನು ಒಳಗೆ ಬರೆದುಕೊಳ್ಳುತ್ತಿದ್ದವು. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಜೆಡ್' ಎಂಬ ವ್ಯಾಪಕ ಬಳಕೆಯ ತಂತ್ರಾಂಶದಲ್ಲಿ ಕುತಂತ್ರದ ಭಾಗವೊಂದು ಪತ್ತೆಯಾಯಿತು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕುತೂಹಲಗೊಂಡದ್ದರಿಂದ ಅದು ಹೊರಬಿತ್ತು. ಅದನ್ನು ಬಿಲ್ಡ್ ಹೊತ್ತಿನಲ್ಲಿ ಒಳಸೇರಿಸುವ ಆಜ್ಞೆ ಬಿಡುಗಡೆಯ ಕಟ್ಟಿನಲ್ಲಿತ್ತು, ಎಲ್ಲರೂ ಓದುವ ಮೂಲ ಸಂಗ್ರಹದಲ್ಲಿ ಇರಲಿಲ್ಲ.

ಮೇಕ್ ಮಾತ್ರ ಸತ್ತಿಲ್ಲ. ಲಿನಕ್ಸ್‌ನ ತಿರುಳನ್ನು ಇಂದಿಗೂ ಮೇಕ್‌ನಿಂದಲೇ ಕಟ್ಟುತ್ತಾರೆ. ಆದರೆ ಪ್ರತಿ ಆಬ್ಜೆಕ್ಟ್ ಕಡತದ ಪಕ್ಕದಲ್ಲಿ ಒಂದು ಅಡಗಿದ ಪುಟ್ಟ ಕಡತವಿರುತ್ತದೆ. ಅದನ್ನು ಕಟ್ಟಿದ ಆಜ್ಞೆ, ಓದಿದ ಹೆಡರ್‌ಗಳು ಅದರಲ್ಲಿ ದಾಖಲಾಗಿರುತ್ತವೆ. ನೆನಪೇ ಇಲ್ಲದ ಸಾಧನಕ್ಕೆ ಹೊರಗಿನಿಂದ ನೆನಪನ್ನು ಕಟ್ಟಿಕೊಟ್ಟಿದ್ದಾರೆ.

ಲಿನಕ್ಸ್ ಇರುವ ಯಾವುದೇ ಪ್ರಯೋಗಶಾಲೆಯಲ್ಲಿ ಇದನ್ನು ಒಂದೇ ಅವಧಿಯಲ್ಲಿ ತೋರಿಸಬಹುದು. ಲೋಲಕದ ಎರಡು ಕಡತ, ಒಂದು ಹೆಡರ್, ಒಂದು ಮೇಕ್‌ಫೈಲ್ ಬರೆಯಿಸಿ ಬಿಲ್ಡ್ ಮಾಡಿಸಿ, 'ಎಂಡಿ5ಸಮ್' ಆಜ್ಞೆಯಿಂದ ಹೆಡರಿನ ಗುರುತನ್ನು ಬರೆದಿಟ್ಟುಕೊಳ್ಳಲು ಹೇಳಿ. ಅವಲಂಬನೆಗಳನ್ನು ಸರಿಯಾಗಿಯೇ ನಮೂದಿಸಿರಲಿ. ಈಗ ಹೆಡರಿನಲ್ಲಿ ಕಾಲದ ಹಂತವನ್ನು ತಿದ್ದಿ, 'ಟಚ್' ಆಜ್ಞೆಯ 'ಡಿ' ಆಯ್ಕೆಯಿಂದ ಅದರ ದಿನಾಂಕವನ್ನು 2000ದ ಜನವರಿ 1ಕ್ಕೆ ಹಿಂದೂಡಿ ಮತ್ತೆ ಮೇಕ್ ಕೊಡಿಸಿ. ಮಾಡಬೇಕಾದದ್ದು ಏನೂ ಇಲ್ಲ ಎಂದು ಮೇಕ್ ಹೇಳುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಎಂಡಿ5ಸಮ್ ತೋರಿಸುವ 32 ಅಂಕೆಗಳು ಮೊದಲಿನವಲ್ಲ.